ಹೊರಡುವ ಉದ್ದೇಶಕ್ಕೆ ಪುರಾವೆ: ಕೊಡಗಿನ ದಂಪತಿಯ ಪ್ರಾಯೋಜಕತ್ವದ ಒಂದು ಪ್ರಕರಣ ಅಧ್ಯಯನ

ಕೆನಡಾದ ಪ್ರಜೆಯಾಗಿರುವ ಮಹಿಳೆಯೊಬ್ಬರು ಕೊಡಗಿನಲ್ಲಿ ಪತಿಯೊಂದಿಗೆ ಸಂಸಾರ ನಡೆಸುತ್ತ, ಇಲ್ಲಿಂದಲೇ ಆ ಪತಿಯನ್ನು ಕೆನಡಾದ ಕಾಯಂ ನಿವಾಸಕ್ಕೆ ಪ್ರಾಯೋಜಿಸಿ (ಅಂದರೆ ತಮ್ಮ ಹೊಣೆಯ ಮೇಲೆ ಕರೆಸಿಕೊಳ್ಳಲು ಅರ್ಜಿ ಹಾಕಿ), ಮಂಜೂರಾತಿ ಬಂದ ಮೇಲೆ ಇಬ್ಬರೂ ಜೊತೆಯಾಗಿ ಹೊರಡಬೇಕೆಂದುಕೊಂಡ ಪ್ರಕರಣವಿದು. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಕೆನಡಾದ ವಲಸೆ ಮತ್ತು ನಿರಾಶ್ರಿತರ ಸಂರಕ್ಷಣಾ ನಿಯಮಾವಳಿಯ 130ನೇ ನಿಯಮದಂತೆ ಪ್ರಾಯೋಜಕರು ಕೆನಡಾದಲ್ಲಿ ವಾಸವಾಗಿರಬೇಕು. ಆದರೆ ಪ್ರಾಯೋಜಕರು ಅಲ್ಲಿಯ ಪ್ರಜೆಯಾಗಿದ್ದು, ಸಂಗಾತಿಗೆ ಕಾಯಂ ನಿವಾಸ ದೊರೆಯುವಾಗ ತಾವೂ ಅಲ್ಲಿಯೇ ನೆಲೆಸುವವರಾಗಿದ್ದರೆ, ಹೊರದೇಶದಲ್ಲಿದ್ದುಕೊಂಡೇ ಅರ್ಜಿ ಸಲ್ಲಿಸಬಹುದು. ಬರಿಯ ಪಿಆರ್ (ಕಾಯಂ ನಿವಾಸದ ಹಕ್ಕು) ಇರುವವರಿಗೆ ಈ ವಿನಾಯಿತಿ ಇಲ್ಲ. ಈ ದಂಪತಿಯ ಫೈಲು ಇಪ್ಪತ್ತು ತಿಂಗಳು ಓಡಿತು. ಅದರಲ್ಲಿ ಅತಿ ಕಠಿಣವಾದ ಪ್ರಶ್ನೆ ಎದ್ದದ್ದು ಮದುವೆಯ ಬಗ್ಗೆ ಅಲ್ಲ, ‘ನೆಲೆಸುವವರಾಗಿದ್ದರೆ’ ಎಂಬ ಈ ಷರತ್ತಿನ ಬಗ್ಗೆ.

ನಾನು ವೀರಾಜಪೇಟೆಯಲ್ಲಿ ವಕೀಲ ವೃತ್ತಿಯಲ್ಲಿದ್ದೇನೆ. ವಿಭಾಗಪತ್ರ, ಖಾತೆ, ವಿವಾಹ ನೋಂದಣಿ ನನ್ನ ನಿತ್ಯದ ಕೆಲಸ. ಕೆನಡಾದ ವಲಸೆ ವಿಷಯದಲ್ಲಿ ಶುಲ್ಕ ಪಡೆದು ಪ್ರತಿನಿಧಿಸುವ ಅಧಿಕಾರ ಅಲ್ಲಿಯ ವಕೀಲರು, ಪರವಾನಗಿ ಪಡೆದ ಸಲಹೆಗಾರರು ಮುಂತಾದ ಅಧಿಕೃತರಿಗೆ ಮಾತ್ರ ಇರುವುದರಿಂದ ಅರ್ಜಿಯನ್ನು ದಂಪತಿ ತಾವೇ ಸಿದ್ಧಪಡಿಸಿದರು. ಇಲ್ಲಿಯ ದಾಖಲೆಗಳನ್ನು ನಾನು ನೋಡಿಕೊಂಡೆ. ಇಬ್ಬರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದರೂ ಹೆಸರನ್ನೂ ಮನೆಪೆದವನ್ನೂ (ಮನೆತನದ ಹೆಸರು) ಕೊಟ್ಟಿಲ್ಲ. ಕೊಡಗಿನಲ್ಲಿ ಮನೆಪೆದ ಹೇಳಿದರೆ ಊರು, ನಾಡು, ನೆಂಟರಿಷ್ಟರು ಎಲ್ಲವನ್ನೂ ಹೇಳಿದಂತೆಯೇ.

ಸನ್ನಿವೇಶ

ಪತ್ನಿ ಹುಟ್ಟಿ ಬೆಳೆದದ್ದು ಕೊಡಗಿನಲ್ಲಿಯೇ. ಓದಿಗೆಂದು ಒಂಟಾರಿಯೊ ಪ್ರಾಂತ್ಯಕ್ಕೆ ಹೋಗಿ, ಅಲ್ಲಿಯೇ ನರ್ಸ್ ಆಗಿ ಕೆಲಸಕ್ಕೆ ಸೇರಿ, ಕಾಲಕ್ರಮದಲ್ಲಿ ಅಲ್ಲಿಯ ಪೌರತ್ವ ಪಡೆದರು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲದ ಕಾರಣ ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಿ, ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡಿದ್ದರು. ತಾಯಿಯ ಕಾಯಿಲೆಯ ನಿಮಿತ್ತ 2021ರಲ್ಲಿ ಊರಿಗೆ ಬಂದವರು ತಾಯಿ ಗುಣಮುಖರಾದ ಮೇಲೂ ಇಲ್ಲಿಯೇ ಉಳಿದರು. ಪತಿ ಭಾರತೀಯ ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ಸಿದ್ದಾಪುರದ ಕಡೆ ರೋಬಸ್ಟಾ ಕಾಫಿ ತೋಟವನ್ನೂ ಮರಗಳಿಗೆ ಹಬ್ಬಿಸಿದ ಕರಿಮೆಣಸನ್ನೂ ನೋಡಿಕೊಳ್ಳುತ್ತಿದ್ದರು. 2022ರ ಮೇ ತಿಂಗಳಲ್ಲಿ ಮದುವೆಯಾಯಿತು. 2023ರ ಜನವರಿಯಲ್ಲಿ ಅರ್ಜಿ ಸಲ್ಲಿಕೆಯಾಯಿತು.

ಅರ್ಜಿ ಹಾಕುವ ಮುನ್ನ ಅವರ ಮುಂದೆ ಮೂರು ದಾರಿಗಳಿದ್ದವು. ಪತ್ನಿ ಮೊದಲೇ ಹೊರಟುಹೋಗಿ ಅಲ್ಲಿಂದ ಪ್ರಾಯೋಜಿಸಿದರೆ ನೆಲೆಸುವ ಉದ್ದೇಶದ ಪ್ರಶ್ನೆಯೇ ಏಳುತ್ತಿರಲಿಲ್ಲ, ಆದರೆ ಫೈಲು ಮುಗಿಯುವವರೆಗೆ ಇಬ್ಬರೂ ಬೇರೆ ಬೇರೆ ಇರಬೇಕಿತ್ತು. ಪತಿ ಸಂದರ್ಶಕ ವೀಸಾದಲ್ಲಿ ಹೋಗಿ ಒಳಗಿನಿಂದ ಅರ್ಜಿ ಹಾಕುವುದು ಎರಡನೆಯ ದಾರಿ. ಇದರಲ್ಲಿ ಕೆಲಸದ ಪರವಾನಗಿ ಬೇಗ ದೊರೆಯುವ ಅನುಕೂಲವಿದೆ. ಆದರೆ ಫೈಲು ನಡೆಯುವಾಗ ದೇಶ ಬಿಟ್ಟು ಹೊರಬಂದವರು ಮತ್ತೆ ಒಳಹೋಗಲಾಗದೆ ಅರ್ಜಿಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಕಾಫಿ ಕೊಯ್ಲಿಗೆ ಬರಲೇಬೇಕಾದ ಮನುಷ್ಯನಿಗೆ ಇದು ಹೊಂದುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹೊರಗಿನಿಂದ ಹಾಕಿದ ಅರ್ಜಿ ತಿರಸ್ಕೃತವಾದರೆ ಪ್ರಾಯೋಜಕರು 30 ದಿನಗಳೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು, ಒಳಗಿನಿಂದ ಹಾಕಿದ ಅರ್ಜಿಗೆ ಆ ಹಕ್ಕಿಲ್ಲ. ಮೂರನೆಯ ದಾರಿಯನ್ನು, ಅಂದರೆ ಇಬ್ಬರೂ ಕೊಡಗಿನಲ್ಲಿದ್ದುಕೊಂಡೇ ಹೊರಗಿನಿಂದ ಅರ್ಜಿ ಹಾಕುವುದನ್ನು, ಅವರು ಆರಿಸಿಕೊಂಡದ್ದು ಅವರ ಪರಿಸ್ಥಿತಿಗೆ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ.

ಹಣದ ಲೆಕ್ಕ ದೊಡ್ಡದೇನಲ್ಲ. ಆಗಿನ ದರದಲ್ಲಿ ಪ್ರಾಯೋಜಕತ್ವಕ್ಕೆ 75, ಪರಿಶೀಲನೆಗೆ 490, ಕಾಯಂ ನಿವಾಸದ ಹಕ್ಕಿಗೆ 515, ಹೀಗೆ ಒಟ್ಟು 1080 ಕೆನಡಾ ಡಾಲರ್. ಬೆರಳಚ್ಚಿಗೆ ಬೇರೆ 85. 2024ರ ಏಪ್ರಿಲ್ 30ರ ಪರಿಷ್ಕರಣೆಯಲ್ಲಿ ಆ 1080 ಡಾಲರ್ 1205ಕ್ಕೆ ಏರಿತು. ಸಂಗಾತಿಯನ್ನು ಪ್ರಾಯೋಜಿಸಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿ ಇಲ್ಲ ಎಂಬುದು ಇಲ್ಲಿಯ ಅನೇಕರಿಗೆ ತಿಳಿದಿಲ್ಲ. ತೋಟದ ಮೌಲ್ಯಮಾಪನ ಪತ್ರ ಹಿಡಿದುಕೊಂಡು ಬರುವವರನ್ನು ನಾನು ಈಗಲೂ ಕಾಣುತ್ತೇನೆ.

ಮದುವೆಯ ದಾಖಲೆ

ನಿಯಮಾವಳಿಯ 4ನೇ ನಿಯಮದಂತೆ, ಮದುವೆ ನೈಜವಲ್ಲದಿದ್ದರೆ ಅಥವಾ ಮುಖ್ಯವಾಗಿ ವಲಸೆಯ ಸೌಲಭ್ಯಕ್ಕಾಗಿಯೇ ಆದದ್ದಾಗಿದ್ದರೆ ಅರ್ಜಿ ನಿಲ್ಲುವುದಿಲ್ಲ. ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯಿರುವ ಪಾತ್ರೆಯಿಂದ ಹಾಲು ಕುಡಿಸಿ, ಕೈಗೆ ಹಣ ಕೊಟ್ಟು ಹರಸುತ್ತಾರೆ. ಎರಡೂ ಒಕ್ಕಗಳ (ಮನೆತನಗಳ) ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವ ಪ್ರತಿನಿಧಿಗಳು, ಎದುರುಬದುರಾಗಿ ನಿಂತು, ಹೆಣ್ಣಿಗೆ ಗಂಡಿನ ಒಕ್ಕದಲ್ಲಿ ದೊರೆಯುವ ಹಕ್ಕನ್ನು ಮಾತಿನಲ್ಲಿ ಒಪ್ಪಿಸಿಕೊಡುವ ‘ಸಂಬಂಧ ಅಡಕುವ’ ಕಾರ್ಯ ನಡೆಯುತ್ತದೆ. ಉತ್ತರ ಭಾರತದ ಮದುವೆಗಳ ಅಗ್ನಿಯನ್ನೂ ಮಂತ್ರವನ್ನೂ ನೋಡಿ ಅಭ್ಯಾಸವಾದ ಅಧಿಕಾರಿ ಈ ಚಿತ್ರಗಳನ್ನು ನಿಶ್ಚಿತಾರ್ಥವೆಂದು ತಿಳಿದರೆ ಆಶ್ಚರ್ಯಪಡಬೇಕಿಲ್ಲ. ಆದ್ದರಿಂದ ಎರಡೂ ಕಡೆಯ ಅರುವರಿಂದ, ತಾವು ಯಾವ ದಿನ ಎಲ್ಲಿ ಏನನ್ನು ನಡೆಸಿಕೊಟ್ಟೆವು ಎಂಬ ಪ್ರಮಾಣಪತ್ರ ಬರೆಸಿ, ಯಾವ ಚಿತ್ರ ಯಾವ ಕಾರ್ಯದ್ದು ಎಂದು ಅದರಲ್ಲಿಯೇ ಸೂಚಿಸಲಾಯಿತು. ಅರುವ ಸಾಕ್ಷಿಯಾಗಿ ನಿಲ್ಲುವ ನಮ್ಮ ಪದ್ಧತಿ ಇಂಥ ಕೆಲಸಕ್ಕೆ ತೀರ ಅನುಕೂಲವಾದದ್ದು. ಇದನ್ನು ಬಳಸಿಕೊಳ್ಳುವವರು ಕಡಿಮೆ.

ಪತ್ನಿ ವಿದೇಶಿ ಪ್ರಜೆಯಾದ್ದರಿಂದ ನೋಂದಣಿಯನ್ನು ವಿಶೇಷ ವಿವಾಹ ಕಾಯ್ದೆ, 1954ರ 15ನೇ ಕಲಮಿನಡಿ, ಅಂದರೆ ಬೇರೆ ವಿಧಿಯಲ್ಲಿ ಈಗಾಗಲೇ ನಡೆದ ವಿವಾಹದ ನೋಂದಣಿಯಾಗಿ ಮಾಡಿಸಿದೆವು. ಇದಕ್ಕೂ 30 ದಿನಗಳ ಸಾರ್ವಜನಿಕ ಪ್ರಕಟಣೆ ಬೇಕು. ಹೆಸರಿನ ತೊಡಕೂ ಇತ್ತು. ಪತ್ನಿಯ ಕೆನಡಾ ಪಾಸ್‌ಪೋರ್ಟಿನಲ್ಲಿ ತವರಿನ ಮನೆಪೆದ, ಮದುವೆಯ ನಂತರದ ಬ್ಯಾಂಕ್ ಕಾಗದಗಳಲ್ಲಿ ಗಂಡನ ಮನೆಪೆದ; ಪತಿಯ ಸೇನಾ ದಾಖಲೆಯಲ್ಲಿ ಮನೆಪೆದ ಬರಿಯ ಇನಿಶಿಯಲ್ ಆಗಿ ಕೊನೆಯಲ್ಲಿ ಕುಳಿತಿತ್ತು. ಇವೆಲ್ಲ ಒಬ್ಬರದೇ ಹೆಸರುಗಳೆಂದು ತಲಾ ಒಂದು ಅಫಿಡವಿಟ್ ಮಾಡಿಸಿದ್ದರಿಂದ ಮುಂದೆ ಈ ಬಗ್ಗೆ ಪ್ರಶ್ನೆ ಬರಲಿಲ್ಲ.

ಬಂದ ಪ್ರಶ್ನೆ

2023ರ ಏಪ್ರಿಲ್‌ನಲ್ಲಿ ಕೆನಡಾದ ವಲಸೆ ಇಲಾಖೆಯಿಂದ ಬಂದ ಪತ್ರ ಮದುವೆಯ ಮಾತನ್ನೇ ಎತ್ತಿರಲಿಲ್ಲ. ಪ್ರಾಯೋಜಕಿ 2021ರಿಂದ ಭಾರತದಲ್ಲಿದ್ದಾರೆ, ಪತಿಗೆ ಕಾಯಂ ನಿವಾಸ ದೊರೆತಾಗ ಅವರು ಕೆನಡಾದಲ್ಲಿ ವಾಸಿಸುತ್ತಾರೆಂದು ನಂಬಲು ಸಾಕಷ್ಟು ಆಧಾರವಿಲ್ಲ, 30 ದಿನಗಳಲ್ಲಿ ಉತ್ತರಿಸಿ ಎಂಬುದು ಅದರ ಸಾರ. ಫೈಲಿನಲ್ಲಿ ಮದುವೆಯ ಚಿತ್ರಗಳು ಹೇರಳವಾಗಿದ್ದವು. ಹೊರಡುವ ಯೋಜನೆಯ ಬಗ್ಗೆ ಇದ್ದದ್ದು ಒಂದು ಪ್ಯಾರಾ.

ಈ ಬಗೆಯ ಅರ್ಜಿಯ ನಿಜವಾದ ಇಕ್ಕಟ್ಟು ಇಲ್ಲಿದೆ. ದಾಂಪತ್ಯ ನೈಜವಾದದ್ದೆಂದು ತೋರಿಸಲು ಇಬ್ಬರೂ ಕೊಡಗಿನಲ್ಲಿ ಒಂದೇ ಸೂರಿನಡಿ, ಒಂದೇ ಖಾತೆಯಲ್ಲಿ, ಒಂದೇ ತೋಟದ ಆದಾಯದಲ್ಲಿ ಬದುಕುತ್ತಿರುವುದನ್ನು ಎಷ್ಟು ಗಟ್ಟಿಯಾಗಿ ದಾಖಲಿಸುತ್ತೇವೆಯೋ, ಇವರು ಈ ಊರನ್ನು ಬಿಟ್ಟು ಹೋಗುವವರಲ್ಲ ಎಂಬ ಅನುಮಾನವೂ ಅಷ್ಟೇ ಗಟ್ಟಿಯಾಗುತ್ತದೆ. ಜಂಟಿ ಹೆಸರಿನಲ್ಲಿ ಸ್ಪ್ರಿಂಕ್ಲರ್ ಸೆಟ್ಟಿಗೆ ತೆಗೆದ ಸಾಲದ ಪತ್ರವನ್ನು ಅವರು ಒಟ್ಟು ಬಾಳ್ವೆಯ ಸಾಕ್ಷಿಯೆಂದು ಲಗತ್ತಿಸಿದ್ದರು. ಆ ಸಾಲದ ಕಂತು 2028ರವರೆಗೆ ಇತ್ತು. ಅಧಿಕಾರಿಯ ಸ್ಥಾನದಲ್ಲಿ ಕುಳಿತು ನೋಡಿದರೆ ಅದು ಬೇರೂರುವವರ ಕಾಗದ.

ಉತ್ತರದಲ್ಲಿ ಈ ವಿರೋಧವನ್ನು ಮುಚ್ಚಿಡದೆ ನೇರವಾಗಿ ಎತ್ತಿಕೊಳ್ಳುವುದೇ ಮೇಲೆಂದು ಪತ್ನಿ ತೀರ್ಮಾನಿಸಿದರು. ತಾಯಿಯ ಆಸ್ಪತ್ರೆಯ ದಾಖಲೆಗಳನ್ನು ಇಟ್ಟು ತಾವು ಯಾಕೆ ಬಂದದ್ದು, ಆ ಕಾರಣ ಯಾವಾಗ ಮುಗಿಯಿತು ಎಂದು ಬರೆದರು. ತಾವು ಹಿಂದೆ ಕೆಲಸ ಮಾಡಿದ್ದ ಆಸ್ಪತ್ರೆಯಿಂದ, ಮರಳಿ ಬಂದರೆ ಕೆಲಸಕ್ಕೆ ಪರಿಗಣಿಸುವುದಾಗಿ ಪತ್ರ ತರಿಸಿದರು. ನರ್ಸಿಂಗ್ ನೋಂದಣಿಯನ್ನು ಬಿಟ್ಟುಕೊಡದೆ ಶುಲ್ಕ ಕಟ್ಟುತ್ತ ಬಂದಿದ್ದ ರಸೀದಿಗಳು, ಮುಚ್ಚದೆ ಉಳಿಸಿಕೊಂಡಿದ್ದ ಅಲ್ಲಿಯ ಬ್ಯಾಂಕ್ ಖಾತೆ, ಮೊದಲ ಕೆಲವು ತಿಂಗಳು ತಮ್ಮ ಮನೆಯಲ್ಲಿ ಇರಿಸಿಕೊಳ್ಳುವುದಾಗಿ ಅಕ್ಕ ಬರೆದುಕೊಟ್ಟ ಪತ್ರ, ಇವೆಲ್ಲ ಸೇರಿದವು. ನನ್ನ ಪಾಲಿಗೆ ಬಂದದ್ದು ತೋಟದ ಕರಾರು. ಪತಿಯ ತಮ್ಮನ ಹೆಸರಿಗೆ ಫಸಲಿನ ಗುತ್ತಿಗೆ ಬರೆದು, ವೀಸಾ ದೊರೆತ ನಂತರ ಬರುವ ಮೊದಲ ಫಸಲಿನಿಂದ ಅದು ಜಾರಿಗೆ ಬರತಕ್ಕದ್ದೆಂದೂ, ಅಲ್ಲಿಂದ ಮುಂದಿನ ಸಾಲದ ಕಂತನ್ನು ಗುತ್ತಿಗೆದಾರನೇ ಕಟ್ಟತಕ್ಕದ್ದೆಂದೂ ಷರತ್ತು ಹಾಕಿದೆವು. ಬೇರೂರುವ ಕಾಗದವಾಗಿದ್ದ ಸಾಲದ ಪತ್ರ ಇದರಿಂದ ಹೊರಡುವ ಯೋಜನೆಯ ಒಂದು ಭಾಗವಾಯಿತು. ಜೂನ್ ತಿಂಗಳಲ್ಲಿ ಪ್ರಾಯೋಜಕಿ ಅರ್ಹರೆಂಬ ತೀರ್ಮಾನ ಬಂತು. ಯಾವ ಕಾಗದ ಅಧಿಕಾರಿಯನ್ನು ಒಪ್ಪಿಸಿತೆಂದು ಆ ಪತ್ರದಲ್ಲಿ ಇರಲಿಲ್ಲ. ನನಗಂತೂ ದಿನಾಂಕಕ್ಕಿಂತ ವೀಸಾಕ್ಕೆ ಕಟ್ಟುಬಿದ್ದ ಆ ಕರಾರಿನ ಮೇಲೆ ಹೆಚ್ಚು ನಂಬಿಕೆ.

ಸೇನೆಯ ಹಿನ್ನೆಲೆ, ಮತ್ತು ಫೈಲು ನಿಂತದ್ದು

ಜುಲೈಯಲ್ಲಿ ಬೆರಳಚ್ಚಿಗೂ ಆಗಸ್ಟ್‌ನಲ್ಲಿ ವೈದ್ಯಕೀಯ ಪರೀಕ್ಷೆಗೂ ಪತಿ ಬೆಂಗಳೂರಿಗೆ ಹೋಗಿ ಬಂದರು. ಪರೀಕ್ಷೆಯನ್ನು ಕೆನಡಾ ಸರ್ಕಾರ ಗೊತ್ತುಪಡಿಸಿದ ವೈದ್ಯರಲ್ಲಿಯೇ ಮಾಡಿಸಬೇಕು, ಅದರ ಫಲಿತಾಂಶ ಹನ್ನೆರಡು ತಿಂಗಳು ಮಾತ್ರ ಊರ್ಜಿತ. ಅಷ್ಟರಲ್ಲಿ ಎರಡೂ ದೇಶಗಳ ಸಂಬಂಧ ಕೆಟ್ಟಿತು. 2023ರ ಸೆಪ್ಟೆಂಬರ್ 21ರಿಂದ ಭಾರತವು ಕೆನಡಾದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು; ಪತ್ನಿಯ ಬಳಿ ಒಸಿಐ ಕಾರ್ಡ್ ಇದ್ದುದರಿಂದ ಅದು ಅವರನ್ನು ತಟ್ಟಲಿಲ್ಲ. ಅಕ್ಟೋಬರ್‌ನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ಹಿಂದಕ್ಕೆ ಕರೆಸಿಕೊಂಡು, ಬೆಂಗಳೂರು, ಮುಂಬೈ, ಚಂಡೀಗಢ ದೂತಾವಾಸಗಳಲ್ಲಿ ಖುದ್ದು ಸೇವೆಯನ್ನು ನಿಲ್ಲಿಸಿತು. ಭಾರತದಲ್ಲಿದ್ದ ಅದರ ವಲಸೆ ವಿಭಾಗದ ಕೆನಡಾ ಮೂಲದ ಸಿಬ್ಬಂದಿ 27ರಿಂದ 5ಕ್ಕೆ ಇಳಿದರು. ವೀಸಾ ಅರ್ಜಿ ಕೇಂದ್ರಗಳು ಮುಚ್ಚಲಿಲ್ಲ, ಫೈಲುಗಳು ರದ್ದಾಗಲೂ ಇಲ್ಲ. ಆದರೂ ಊರಿನಲ್ಲಿ ಎಲ್ಲವೂ ಮುಗಿಯಿತೆಂಬ ಮಾತು ಹರಡಿ, ಪತಿಯ ತಮ್ಮ ಗುತ್ತಿಗೆಯ ಸಿದ್ಧತೆಯನ್ನೇ ಕೈಬಿಟ್ಟಿದ್ದ.

ವಿಳಂಬಕ್ಕೆ ರಾಜತಾಂತ್ರಿಕ ಜಗಳಕ್ಕಿಂತ ಪತಿಯ ಸೇವಾ ಹಿನ್ನೆಲೆ ಹೆಚ್ಚು ಕಾರಣವಾಯಿತೆಂದು ನಾನು ತಿಳಿದಿದ್ದೇನೆ. ಸೇನೆಯಲ್ಲಿಯೋ ಅರೆಸೇನಾ ಪಡೆಯಲ್ಲಿಯೋ ಇದ್ದವರು ಯಾವ ಅವಧಿಯಲ್ಲಿ ಯಾವ ಘಟಕದಲ್ಲಿ, ಯಾವ ಹುದ್ದೆಯಲ್ಲಿ, ಎಲ್ಲಿ ಇದ್ದರೆಂದು ವಿವರವಾಗಿ ತಿಳಿಸಬೇಕಾಗುತ್ತದೆ. ಇದು ಹೊಸ ವಿಷಯವಲ್ಲ. 2010ರಲ್ಲಿ ಗಡಿ ಭದ್ರತಾ ಪಡೆಯ ನಿವೃತ್ತ ಸಿಬ್ಬಂದಿಯೊಬ್ಬರಿಗೆ ಆ ಪಡೆಯ ಸೇವೆಯ ಕಾರಣ ಹೇಳಿಯೇ ಕೆನಡಾ ವೀಸಾ ನಿರಾಕರಿಸಿದಾಗ ದೊಡ್ಡ ವಿವಾದವಾಗಿ, ಕೊನೆಗೆ ಕೆನಡಾ ಸರ್ಕಾರ ವಿಷಾದ ವ್ಯಕ್ತಪಡಿಸಬೇಕಾಯಿತು. ಒಕ್ಕಕ್ಕೆ ಒಬ್ಬರಾದರೂ ಸೇನೆಗೆ ಹೋದವರಿರುವ ಕೊಡಗಿನಲ್ಲಿ ಈ ಭಾಗವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಒಳ್ಳೆಯದು. ಬಿಡುಗಡೆ ಪುಸ್ತಕದಲ್ಲಿ ಇಡೀ ಸೇವೆಯ ಸಾರಾಂಶವಿರುತ್ತದೆಯೇ ಹೊರತು ಪ್ರತಿಯೊಂದು ವರ್ಗಾವಣೆಯ ತಾರೀಖು ಇರಬೇಕೆಂದಿಲ್ಲ; ಉಳಿದದ್ದಕ್ಕೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು, ಅಲ್ಲಿಂದ ಉತ್ತರ ಬರಲು ಸಮಯ ಹಿಡಿಯುತ್ತದೆ.

ಇವರ ವಿಷಯದಲ್ಲಿ ಇನ್ನೊಂದು ಎಳೆಯಿತ್ತು. ಅವರು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನ್‌ನಲ್ಲಿ ಒಂದು ವರ್ಷ ಇದ್ದರು. ಕಳೆದ ಹತ್ತು ವರ್ಷಗಳಲ್ಲಿ ಸತತವಾಗಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ವಾಸಿಸಿದ ಪ್ರತಿಯೊಂದು ದೇಶದ ಪೊಲೀಸ್ ಪ್ರಮಾಣಪತ್ರ ಬೇಕೆಂಬುದು ನಿಯಮ. ಭಾರತದ್ದು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸುಲಭವಾಗಿ ಬಂತು. ದಕ್ಷಿಣ ಸುಡಾನ್‌ನ ಪೊಲೀಸರಿಂದ ಕೊಡಗಿನಲ್ಲಿ ಕುಳಿತು ಪ್ರಮಾಣಪತ್ರ ತರಿಸುವುದು ಆಗುವ ಮಾತಲ್ಲ. ತಾವು ಅಲ್ಲಿಯ ನಿವಾಸಿಯಾಗಿರದೆ ಸೇನಾ ಶಿಬಿರದಲ್ಲಿ ಭಾರತೀಯ ತುಕಡಿಯ ಸದಸ್ಯರಾಗಿದ್ದುದನ್ನು ವಿವರಿಸಿ, ನಿಯೋಜನೆಯ ಆದೇಶ, ಹಿಂತಿರುಗಿದ ಆದೇಶ, ವಿಶ್ವಸಂಸ್ಥೆಯ ಪದಕದ ಪತ್ರ ಇವುಗಳ ಪ್ರತಿಗಳೊಂದಿಗೆ ಅವರು ವಿವರಣಾ ಪತ್ರ ಸಲ್ಲಿಸಿದರು. ಅದನ್ನು ಒಪ್ಪಿಕೊಳ್ಳಲಾಯಿತು. ಭದ್ರತಾ ತಪಾಸಣೆ ಮುಗಿದದ್ದು 2024ರ ಜುಲೈಯಲ್ಲಿ. ಅಷ್ಟು ಹೊತ್ತಿಗೆ ವೈದ್ಯಕೀಯ ಪರೀಕ್ಷೆಯ ಅವಧಿ ಮುಗಿಯುತ್ತ ಬಂದು, ಮತ್ತೊಮ್ಮೆ ಬೆಂಗಳೂರಿಗೆ ಹೋಗಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಪಾಸ್‌ಪೋರ್ಟ್ ಕಳುಹಿಸಲು ಸೂಚನೆ ಬಂತು. ಎರಡನೆಯ ಪರೀಕ್ಷೆಯ ಅವಧಿಗೆ ಹೊಂದಿಕೊಂಡು, 2025ರ ಆಗಸ್ಟ್ ಒಳಗೆ ಕೆನಡಾ ತಲುಪಬೇಕೆಂಬ ಗಡುವಿನೊಂದಿಗೆ ವೀಸಾ ಕೈಸೇರಿತು.

ತೋಟ ಮತ್ತು ಜಮೀನು

ಕಾಯುವ ಕಾಲದಲ್ಲಿ ತೋಟದ ಕೆಲಸ ಕಾಯುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಗೊಬ್ಬರ. ಡಿಸೆಂಬರ್ ಕೊನೆಯಿಂದ ರೋಬಸ್ಟಾ ಕೊಯ್ಲು, ಅದರ ಬೆನ್ನಿಗೆ ಮೆಣಸು. ಇವುಗಳಲ್ಲಿ ಒಂದನ್ನು ಬಿಟ್ಟರೂ ಮುಂದಿನ ವರ್ಷದ ಫಸಲಿಗೆ ಏಟು ಬೀಳುತ್ತದೆ. ಇನ್ನೇನು ಹೊರಡುತ್ತೇವೆಂದುಕೊಂಡು 2023ರ ಮಳೆಗಾಲದಲ್ಲಿ ಗೊಬ್ಬರದ ಖರ್ಚನ್ನು ಅರ್ಧಕ್ಕೆ ಇಳಿಸುವ ಯೋಚನೆ ಪತಿಗೆ ಬಂದಿತ್ತು. ಪತ್ನಿ ಒಪ್ಪಲಿಲ್ಲ, ಪಾಸ್‌ಪೋರ್ಟ್ ಕೇಳಿ ಪತ್ರ ಬರುವವರೆಗೂ ನಾವು ಇಲ್ಲಿಯವರೇ ಎಂದು ನಡೆದುಕೊಳ್ಳೋಣ ಎಂಬುದು ಅವರ ಮಾತಾಗಿತ್ತು. ಅದು ಒಳ್ಳೆಯದಾಯಿತು, ಏಕೆಂದರೆ 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು.

ಬೆಲೆ ಏರಿದ್ದು ಇನ್ನೊಂದು ಕಗ್ಗಂಟನ್ನೂ ತಂದಿತು. 2023ರ ದರದ ಲೆಕ್ಕದಲ್ಲಿ ತಮ್ಮನೊಂದಿಗೆ ಬರೆದ ಗುತ್ತಿಗೆಯ ಮೊತ್ತ ಈಗ ತೀರ ಕಡಿಮೆಯೆನಿಸಿತು. ಬರೆದದ್ದು ಬರೆದದ್ದೇ ಎಂದು ತಮ್ಮ ಪಟ್ಟು ಹಿಡಿದ. ಇಷ್ಟು ಬೆಲೆ ಇರುವಾಗ ತೋಟ ಬಿಟ್ಟು ಹೋಗುವುದೇಕೆ ಎಂದು ಬಂಧುಗಳು ಕೇಳತೊಡಗಿದರು. ಕೊನೆಗೆ ಮೊತ್ತವನ್ನು ರೂಪಾಯಿಯಲ್ಲಿ ನಿಗದಿ ಮಾಡದೆ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಮೂಟೆಗಳ ಲೆಕ್ಕದಲ್ಲಿ, ಮಾರುವ ದಿನದ ಕುಶಾಲನಗರದ ದರಕ್ಕೆ ಕಟ್ಟಿ, ಹೊಸದಾಗಿ ಬರೆದುಕೊಟ್ಟೆ. ಕಾಯುವಿಕೆ ಒಂದು ಫಸಲನ್ನು ದಾಟಬಹುದಾದಲ್ಲೆಲ್ಲ ಗುತ್ತಿಗೆಯನ್ನು ಮೊದಲಿಗೇ ಹೀಗೆ ಬರೆಯುವುದು ಮೇಲು.

ಜಮೀನಿನ ವಿಷಯದಲ್ಲಿ ಹೊರಡುವ ಮುನ್ನ ಮುಗಿಸಲೇಬೇಕಾದ ಕೆಲಸಗಳಿದ್ದವು. 2019ರ ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡ್‌ದಾರರಾಗಲಿ ಭಾರತದಲ್ಲಿ ಕೃಷಿ ಜಮೀನನ್ನೂ ಪ್ಲಾಂಟೇಶನ್ನನ್ನೂ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಉತ್ತರಾಧಿಕಾರದಿಂದ ಬಂದರೆ ಅಡ್ಡಿಯಿಲ್ಲ. ಪತ್ನಿಯ ತಾಯಿ ತಮ್ಮ ಎರಡು ಎಕರೆ ಕಾಫಿ ತೋಟವನ್ನು ಮಗಳಿಗೆ ದಾನಪತ್ರದ ಮೂಲಕ ಕೊಡಬೇಕೆಂದಿದ್ದರು. ಅದನ್ನು ತಡೆದು ಉಯಿಲು ಬರೆಸಿದೆವು. ಪತಿ ಪಕ್ಕದ ಒಂದು ತುಂಡು ತೋಟಕ್ಕೆ ಮುಂಗಡ ಕೊಟ್ಟು ಕ್ರಯಪತ್ರವನ್ನು ಮುಂದೂಡುತ್ತಿದ್ದರು. ಅನಿವಾಸಿಯಾದ ಮೇಲೆ ಅದನ್ನು ನೋಂದಾಯಿಸಿಕೊಳ್ಳಲು ಆಗುವುದಿಲ್ಲವಾದ್ದರಿಂದ 2024ರ ನವೆಂಬರ್‌ನಲ್ಲಿಯೇ ಮುಗಿಸಿದರು. ಭಾರತದ ನಿವಾಸಿಯಾಗಿದ್ದಾಗ ಪಡೆದ ಜಮೀನನ್ನು ಹೊರದೇಶಕ್ಕೆ ಹೋದ ಮೇಲೂ ಉಳಿಸಿಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ 6ನೇ ಕಲಮು ಅವಕಾಶ ಕೊಡುತ್ತದೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಾಲು ಹೇಗಿತ್ತೋ ಹಾಗೆಯೇ ಉಳಿಯಿತು. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಬಳಿ ಹೋಗಿ ಹೇಳಿ ಬಂದರು, ಅಷ್ಟೇ. ತಮ್ಮನ ಹೆಸರಿಗೆ ಅಧಿಕಾರಪತ್ರವನ್ನು ಇಲ್ಲಿಯೇ ಉಪನೋಂದಣಾಧಿಕಾರಿಯ ಮುಂದೆ ನೋಂದಾಯಿಸಲಾಯಿತು. ಅದನ್ನೇ ಕೆನಡಾದಲ್ಲಿ ಬರೆದರೆ ಅಲ್ಲಿ ದೃಢೀಕರಣ, ಭಾರತಕ್ಕೆ ಬಂದು ಮೂರು ತಿಂಗಳೊಳಗೆ ಮುದ್ರಾಂಕ ಎಂದು ಎರಡೆರಡು ಕೆಲಸವಾಗುತ್ತದೆ.

ಹೊರಟದ್ದು

ಗಡುವು ಆಗಸ್ಟ್‌ವರೆಗೂ ಇದ್ದುದರಿಂದ ಸುಗ್ಗಿ ಹಬ್ಬವಾದ ಪುತ್ತರಿ ಮುಗಿಸಿ, ಕೊಯ್ಲನ್ನೂ ಮುಗಿಸಿ 2025ರ ಮಾರ್ಚ್‌ನಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಹೊರಟರು. ವೀಸಾ ಬಂದ ಮೇಲೂ ಆರು ತಿಂಗಳು ಇಲ್ಲಿಯೇ ಉಳಿದದ್ದು ತೊಂದರೆಯಾಗದೇ ಎಂದು ಪತಿ ಕೇಳಿದ್ದರು. ಪತಿ ಕಾಯಂ ನಿವಾಸಿಯಾಗುವ ಹೊತ್ತಿಗೆ ಪ್ರಾಯೋಜಕಿಯೂ ಅಲ್ಲಿ ನೆಲೆಸಬೇಕೆಂಬುದು ನಿಯಮದ ಅಪೇಕ್ಷೆ. ಜೊತೆಯಲ್ಲಿಯೇ ಹೋಗಿ ಇಳಿಯುವವರಿಗೆ ಅದರಲ್ಲಿ ಅಡ್ಡಿಯಿಲ್ಲ. ಪತಿ ಮೊದಲು ಒಬ್ಬರೇ ಹೋಗಿ, ಪತ್ನಿ ತಿಂಗಳುಗಟ್ಟಲೆ ಹಿಂದೆ ಉಳಿದಿದ್ದರೆ ವಿಮಾನ ನಿಲ್ದಾಣದಲ್ಲಿಯೇ ಪ್ರಶ್ನೆ ಏಳಬಹುದಿತ್ತು. ಜೊತೆಗೆ ತರದೆ ನಂತರ ತರಿಸಿಕೊಳ್ಳುವ ಸಾಮಾನುಗಳ ಪಟ್ಟಿಯನ್ನು ಇಳಿದ ದಿನವೇ ಕಸ್ಟಮ್ಸ್‌ಗೆ ಕೊಡಬೇಕಾದ್ದರಿಂದ, ಅಜ್ಜನ ಪೀಚೆಕತ್ತಿಯನ್ನು (ಸೊಂಟಕ್ಕೆ ಸಿಕ್ಕಿಸುವ ಕೊಡವ ಕಠಾರಿ) ಅದರಲ್ಲಿ ಸೇರಿಸುವುದೋ ಬೇಡವೋ ಎಂದು ಚರ್ಚೆಯಾಗಿ, ಅದು ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿಯೇ ಉಳಿಯಿತು. ಉಳಿತಾಯ ಖಾತೆ ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆಯಾಯಿತು. ಪಿಂಚಣಿಗೆ ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡುವುದು ಇನ್ನು ಮುಂದೆ ಅಲ್ಲಿಂದ.

ಪತ್ನಿ ಬರೆದುಕೊಟ್ಟ ಪ್ರಾಯೋಜಕತ್ವದ ಹೊಣೆ ಪತಿ ಕಾಯಂ ನಿವಾಸಿಯಾದ ದಿನದಿಂದ ಮೂರು ವರ್ಷ, ಅಂದರೆ 2028ರ ಮಾರ್ಚ್‌ವರೆಗೆ ಇರುತ್ತದೆ. ಆ ಅ‌ವಧಿಯಲ್ಲಿ ಪತಿ ಸರ್ಕಾರದ ಸಾಮಾಜಿಕ ನೆರವು ಪಡೆದರೆ ಅದನ್ನು ಪತ್ನಿ ಮರಳಿಸಬೇಕಾಗುತ್ತದೆ, ಮದುವೆ ಮುರಿದರೂ ಈ ಹೊಣೆ ತಪ್ಪುವುದಿಲ್ಲ. ಪಿಆರ್ ಉಳಿಸಿಕೊಳ್ಳಲು ಪತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿರಬೇಕು; ಪ್ರಜೆಯಾದ ಸಂಗಾತಿಯ ಜೊತೆಯಲ್ಲಿ ಹೊರದೇಶದಲ್ಲಿ ಕಳೆದ ದಿನಗಳೂ ಸಾಮಾನ್ಯವಾಗಿ ಆ ಲೆಕ್ಕಕ್ಕೆ ಸೇರುವುದರಿಂದ, ಕೊಯ್ಲಿನ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬಂದುಹೋಗಲು ತೊಡಕಿಲ್ಲ. ಹಾಗೆ ಬಂದ ವರ್ಷ ಫಸಲಿನ ಮೇಲ್ವಿಚಾರಣೆ ಯಾರದೆಂಬುದನ್ನು ಗುತ್ತಿಗೆಯ ಮೊದಲ ಕರಡಿನಲ್ಲಿ ಬರೆದಿರಲಿಲ್ಲ. ನವೀಕರಣದ ವೇಳೆ ಅದನ್ನು ಸೇರಿಸಬೇಕೆಂದು ತಮ್ಮ ಈಗಾಗಲೇ ಕೇಳಿದ್ದಾನೆ.